ಬೀಗ ಹಾಕಿದ ಅಳತೆಗಳು

೧೯೧೯ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ಫ್ರಾನ್ಸಿಸ್ ಆಸ್ಟನ್ ಎಂಬ ವಿಜ್ಞಾನಿ ಒಂದು ಹೊಸ ಉಪಕರಣವನ್ನು ರಚಿಸಿದನು. ಅನಿಲದ ಪರಮಾಣುಗಳಿಗೆ ವಿದ್ಯುದಾವೇಶವನ್ನು ಕೊಟ್ಟು, ನಿರ್ವಾತ ಮಾಡಿದ ಕೋಶದಲ್ಲಿ ಅವುಗಳನ್ನು ಓಡಿಸಿ, ವಿದ್ಯುತ್ ಕ್ಷೇತ್ರದಿಂದಲೂ ಕಾಂತಕ್ಷೇತ್ರದಿಂದಲೂ ಅವುಗಳ ಹಾದಿಯನ್ನು ಬಾಗಿಸಿದರೆ, ಹಗುರವಾದುವು ಒಂದೆಡೆಗೂ ಭಾರವಾದುವು ಇನ್ನೊಂದೆಡೆಗೂ ಸರಿದು ಛಾಯಾಚಿತ್ರಫಲಕದ ಮೇಲೆ ಬೇರೆಬೇರೆ ಗೆರೆಗಳನ್ನು ಮೂಡಿಸುತ್ತವೆ. ನಿಯಾನ್ ಅನಿಲದ ಪರಮಾಣುತೂಕ ೨೦.೨ ಎಂದು ರಸಾಯನವಿಜ್ಞಾನಿಗಳು ಕಂಡುಕೊಂಡಿದ್ದರು. ಆಸ್ಟನ್ನನ ಫಲಕದ ಮೇಲಾದರೋ ೨೦.೨ರ ಸ್ಥಾನದಲ್ಲಿ ಗೆರೆಯೇ ಇರಲಿಲ್ಲ. ೨೦ರಲ್ಲಿ ಒಂದು, ೨೨ರಲ್ಲಿ ಇನ್ನೊಂದು ಗೆರೆಯಿದ್ದುವು. ಒಂದೇ ಧಾತುವಿನ ಪರಮಾಣುಗಳಲ್ಲಿ ತೂಕದ ಭೇದವುಂಟೆಂಬುದಕ್ಕೆ ಆ ಗಾಜಿನ ಫಲಕವೇ ಸಾಕ್ಷಿಯಾಯಿತು. ೧೯೨೨ರಲ್ಲಿ ಆಸ್ಟನ್ನನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕು ಹೈಡ್ರೊಜನ್ ಪರಮಾಣುಗಳನ್ನು ಕೂಡಿಸಿದರೆ ಆಗುವ ತೂಕಕ್ಕಿಂತ ಒಂದು ಹೀಲಿಯಮ್ ಪರಮಾಣುವಿನ ತೂಕ ಸ್ವಲ್ಪ ಕಡಮೆಯೆಂಬುದೂ ಆಸ್ಟನ್ನನ ಅಳತೆಗಳಿಂದ ತಿಳಿಯಿತು. ವ್ಯತ್ಯಾಸ ನೂರಕ್ಕೆ ಒಂದು ಭಾಗದಷ್ಟೂ ಇಲ್ಲ. ಖಗೋಳವಿಜ್ಞಾನಿಯಾದ ಆರ್ಥರ್ ಎಡಿಂಗ್ಟನ್ ೧೯೨೦ರಲ್ಲಿ ಈ ಚಿಕ್ಕ ವ್ಯತ್ಯಾಸವನ್ನೇ ಹಿಡಿದು, ಹೈಡ್ರೊಜನ್ನು ಹೀಲಿಯಮ್ಮಾಗುವಾಗ ಕಾಣದಾಗುವ ದ್ರವ್ಯವೇ ಶಕ್ತಿಯಾಗಿ ಹೊಮ್ಮಿ ಸೂರ್ಯನನ್ನು ಬೆಳಗಿಸುತ್ತಿರಬಹುದೆಂದು ಸೂಚಿಸಿದನು. ಅಳೆದವನು ಒಬ್ಬ, ಆ ಅಳತೆಯಲ್ಲಿ ಅಡಗಿದ್ದ ದೊಡ್ಡ ಅರ್ಥವನ್ನು ಬಿಡಿಸಿದವನು ಇನ್ನೊಬ್ಬ. ಆಸ್ಟನ್ನನ ಗೆರೆಗಳನ್ನು ಓದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಣ್ಣು, ಭೂತಗನ್ನಡಿ, ಅಳತೆಪಟ್ಟಿ ಇಷ್ಟಿದ್ದರೆ ಸಾಕಾಗಿತ್ತು.

ಇಂದು ಪ್ರಪಂಚದ ಸಾವಿರಾರು ಪ್ರಯೋಗಶಾಲೆಗಳಲ್ಲಿ ಆಸ್ಟನ್ನನ ಉಪಕರಣದ ಸಂತತಿ ಕೆಲಸ ಮಾಡುತ್ತಿದೆ. ಅವುಗಳ ಶಕ್ತಿ ಸಾವಿರ ಮಡಿ ಹೆಚ್ಚಿದೆ. ಆದರೆ ಅವು ಬರೆದಿಡುವ ಬರಹವನ್ನು ಬರಿಯ ಕಣ್ಣು ಓದಲಾರದು. ಅನೇಕ ಸಲ ಕಂಪ್ಯೂಟರು ಕೂಡ ಓದಲಾರದು. ಇದೇಕೆ ಹೀಗೆ? ಓದಲು ದಾರಿಗಳೇನು? ನೋಡೋಣ.

ಗಾಜಿನ ಫಲಕದಿಂದ ಫೈಲಿಗೆ

ಆಸ್ಟನ್ನನ ಉಪಕರಣವನ್ನು ಕನ್ನಡದಲ್ಲಿ ದ್ರವ್ಯರಾಶಿ ರೋಹಿತಮಾಪಕ ಎನ್ನಬಹುದು. ಪ್ರೋಟೀನಿನಂತಹ ದೊಡ್ಡ ಅಣುಗಳನ್ನು ಮುರಿಯದೆ ಅವುಗಳಿಗೆ ವಿದ್ಯುದಾವೇಶವನ್ನು ಕೊಡುವುದು ಬಹುಕಾಲ ಅಸಾಧ್ಯವೆನಿಸಿತ್ತು. ಅಮೆರಿಕದ ಜಾನ್ ಫೆನ್ ಮತ್ತು ಜಪಾನಿನ ಕೊಯಿಚಿ ತನಾಕ ಅದನ್ನು ಸಾಧಿಸಿ ೨೦೦೨ರಲ್ಲಿ ನೊಬೆಲ್ ಪಾರಿತೋಷಕದ ಭಾಗಿಗಳಾದರು. ಅಂದಿನಿಂದ ಈ ಉಪಕರಣ ಭೌತವಿಜ್ಞಾನಿಯ ಕೋಣೆಯಿಂದ ಹೊರಟು ಔಷಧಗಳ ಕಾರ್ಖಾನೆ, ಆಹಾರಪರೀಕ್ಷೆ, ರೋಗನಿದಾನ, ಕ್ರೀಡಾಪಟುಗಳ ಮೂತ್ರಪರೀಕ್ಷೆ, ಹೀಗೆ ಎಲ್ಲೆಡೆಗೂ ವ್ಯಾಪಿಸಿತು.

ಇಂದಿನ ಉಪಕರಣದಲ್ಲಿ ಛಾಯಾಚಿತ್ರಫಲಕವಿಲ್ಲ. ರಕ್ತದ ಒಂದು ಹನಿಯಿಂದ ತೆಗೆದ ಪ್ರೋಟೀನಿನ ತುಣುಕುಗಳು ಒಂದು ಸೂಕ್ಷ್ಮ ನಾಳದ ಮೂಲಕ ಹರಿದು ಒಂದೊಂದಾಗಿ ಉಪಕರಣವನ್ನು ಪ್ರವೇಶಿಸುತ್ತವೆ. ಸೆಕೆಂಡಿಗೆ ಹತ್ತಾರು ಸಲ ಉಪಕರಣ ರೋಹಿತವನ್ನು ತೆಗೆಯುತ್ತದೆ. ಎಂದರೆ, ಯಾವ ತೂಕದ ಅಯಾನುಗಳು ಎಷ್ಟೆಷ್ಟಿವೆಯೆಂಬ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಒಂದೆರಡು ಗಂಟೆಗಳಲ್ಲಿ ಹತ್ತಾರು ಸಾವಿರ ರೋಹಿತಗಳು ಸೇರುತ್ತವೆ. ಜೊತೆಗೆ ಪ್ರತಿಯೊಂದು ರೋಹಿತವನ್ನು ತೆಗೆದ ಗಳಿಗೆ, ಆಗಿನ ಉಷ್ಣತೆ, ವಿದ್ಯುದ್ವಿಭವ ಮೊದಲಾದ ವಿವರಗಳೂ ಇರುತ್ತವೆ. ಇವೆಲ್ಲವೂ ಒಂದು ಫೈಲಿನಲ್ಲಿ ದಾಖಲಾಗುತ್ತವೆ. ಆಸ್ಟನ್ನನ ಗಾಜಿನ ಫಲಕದ ಸ್ಥಾನವನ್ನು ಈಗ ಈ ಫೈಲು ಪಡೆದಿದೆ.

ನಾಲ್ಕು ಸಂಖ್ಯೆಗಳ ಒಗಟು

ಕಂಪ್ಯೂಟರಿನ ಫೈಲೆಂದರೆ ೦ಯಿಂದ ೨೫೫ರವರೆಗಿನ ಸಂಖ್ಯೆಗಳ ಒಂದು ಉದ್ದನೆಯ ಸಾಲು. ಇಂತಹ ಒಂದೊಂದು ಸಂಖ್ಯೆಗೂ ಬೈಟು ಎಂದು ಹೆಸರು. ಆ ಸಾಲಿನಲ್ಲಿ ೦, ೦, ೧೨೮, ೬೩ ಎಂಬ ನಾಲ್ಕು ಬೈಟುಗಳು ಕಂಡುವೆಂದು ಭಾವಿಸೋಣ. ಇವುಗಳ ಅರ್ಥವೇನು?

ಮೊದಲ ಬೈಟನ್ನು ಅತ್ಯಂತ ದೊಡ್ಡ ಸ್ಥಾನದ್ದೆಂದು ತಿಳಿದು ಪೂರ್ಣಾಂಕವಾಗಿ ಓದಿದರೆ ಉತ್ತರ ೩೨,೮೩೧. ಕೊನೆಯ ಬೈಟೇ ದೊಡ್ಡ ಸ್ಥಾನದ್ದೆಂದು ತಿಳಿದು ಓದಿದರೆ ೧,೦೬,೫೩,೫೩,೨೧೬. ಎರಡನೆಯ ಕ್ರಮವನ್ನೇ ಹಿಡಿದು, ಆದರೆ ದಶಾಂಶಭಾಗವುಳ್ಳ ಸಂಖ್ಯೆಗಳನ್ನು ಬರೆಯಲು ಕಂಪ್ಯೂಟರುಗಳು ಬಳಸುವ ಪದ್ಧತಿಯಂತೆ ಓದಿದರೆ ಉತ್ತರ ಕೇವಲ ೧! ಬೈಟುಗಳು ಅವೇ; ಓದುವ ಪದ್ಧತಿ ಬದಲಾದುದರಿಂದ ಒಂದು ಎಂಬುದು ನೂರಾರು ಕೋಟಿಯಾಯಿತು. ಯಾವ ಬೈಟುಗಳನ್ನು ಯಾವ ಪದ್ಧತಿಯಂತೆ ಓದಬೇಕು, ಎಲ್ಲಿ ತೂಕಗಳ ಪಟ್ಟಿ ಮುಗಿದು ಪ್ರಮಾಣಗಳ ಪಟ್ಟಿ ಆರಂಭವಾಗುತ್ತದೆ ಎಂಬ ನಿಯಮಾವಳಿಯೇ ಫೈಲಿನ ಲಿಪಿ. ಈ ಲಿಪಿಯನ್ನು ಪ್ರಕಟಿಸಿದರೆ ಅದು ಮುಕ್ತ ಲಿಪಿ; ಉಪಕರಣದ ತಯಾರಕರು ತಮ್ಮಲ್ಲಿಯೇ ಇಟ್ಟುಕೊಂಡರೆ ಖಾಸಗಿ ಲಿಪಿ.

ಪ್ರತಿಯೊಬ್ಬ ತಯಾರಕನದೂ ಬೇರೆ ಬೇರೆ ಲಿಪಿ. ಹೆಸರು ಒಂದೇ ಆಗಿದ್ದರೂ ವಸ್ತು ಬೇರೆಯಾಗಿರುವುದುಂಟು. ಥರ್ಮೊ ಮತ್ತು ವಾಟರ್ಸ್ ಎಂಬ ಎರಡು ಸಂಸ್ಥೆಗಳ ದಾಖಲೆಗಳಿಗೂ ‘ರಾ’ ಎಂಬುದೇ ಬಾಲದ ಹೆಸರು. ಆದರೆ ಒಂದು ಇಡೀ ಫೈಲು, ಇನ್ನೊಂದು ಹಲವು ಫೈಲುಗಳನ್ನು ಒಳಗೊಂಡ ಕೋಶ. ಒಂದರ ಓದುಗನಿಗೆ ಇನ್ನೊಂದು ಅಪರಿಚಿತ.

ಗುಟ್ಟು ಏಕೆ?

ಇದರಲ್ಲಿ ತಯಾರಕರ ಸ್ವಾರ್ಥ ಮಾತ್ರವೇ ಇದೆಯೆಂದರೆ ಅನ್ಯಾಯವಾದೀತು. ಕ್ಷಣಕ್ಷಣಕ್ಕೂ ಬರುವ ಅಂಕಿಗಳ ಪ್ರವಾಹವನ್ನು ತಡೆಯಿಲ್ಲದೆ, ಸ್ವಲ್ಪ ಸ್ಥಳದಲ್ಲಿ ಬರೆದಿಡಬೇಕಾದರೆ ಉಪಕರಣಕ್ಕೆ ತಕ್ಕಂತೆ ಲಿಪಿಯನ್ನು ಕಟ್ಟಿಕೊಳ್ಳುವುದು ಅನುಕೂಲ. ಉಪಕರಣ ಸುಧಾರಿಸಿದಂತೆ ಲಿಪಿಯನ್ನೂ ಬದಲಿಸಬೇಕಾಗುತ್ತದೆ. ಒಮ್ಮೆ ಪ್ರಕಟಿಸಿಬಿಟ್ಟರೆ ಬದಲಿಸುವುದು ಕಷ್ಟ. ಇದರೊಂದಿಗೆ ವ್ಯಾಪಾರದ ಲೆಕ್ಕವೂ ಇಲ್ಲದಿಲ್ಲ: ಉಪಕರಣವನ್ನು ಕೊಂಡವನು ಅದರ ಫೈಲುಗಳನ್ನು ಓದುವ ತಂತ್ರಾಂಶವನ್ನೂ ತಮ್ಮಲ್ಲಿಯೇ ಕೊಳ್ಳಲಿ ಎಂಬ ಆಸೆ.

ಕಾರಣವೇನೇ ಇರಲಿ, ಪರಿಣಾಮ ಎರಡು ವಿಧ. ಮೊದಲನೆಯದಾಗಿ, ಈ ಓದುಗ ತಂತ್ರಾಂಶಗಳು ಬಹುಮಟ್ಟಿಗೆ ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿಯೇ ನಡೆಯತಕ್ಕವು. ದುಬಾರಿಯಾದ ಉಪಕರಣ ಹದಿನೈದು ಇಪ್ಪತ್ತು ವರ್ಷ ಬಾಳಬಹುದು. ಅದರ ಪಕ್ಕದ ಕಂಪ್ಯೂಟರಿನ ವ್ಯವಸ್ಥೆಗೆ ಅಷ್ಟು ಆಯುಸ್ಸಿಲ್ಲ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ನೆರವು ೨೦೧೪ರಲ್ಲಿ ನಿಂತಿತು. ವಿಂಡೋಸ್ ೭ಕ್ಕೆ ೨೦೨೦ರಲ್ಲಿ. ವಿಂಡೋಸ್ ೧೦ಕ್ಕೆ ೨೦೨೫ರಲ್ಲಿ. ಎರಡನೆಯದಾಗಿ, ಸಾವಿರಾರು ಫೈಲುಗಳನ್ನು ಒಟ್ಟಿಗೆ ಪರಿಶೀಲಿಸುವ ದೊಡ್ಡ ಗಣನೆ ನಡೆಯುವುದು ಸಾಮಾನ್ಯವಾಗಿ ಲಿನಕ್ಸ್ ವ್ಯವಸ್ಥೆಯಲ್ಲಿ. ಫಿನ್ಲೆಂಡಿನ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್, ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ಮುಕ್ತ ವ್ಯವಸ್ಥೆ. ೨೦೧೭ರ ನವೆಂಬರಿನಿಂದ ಪ್ರಪಂಚದ ಐನೂರು ಅತಿವೇಗದ ಗಣಕಗಳ ಪಟ್ಟಿಯಲ್ಲಿರುವುವೆಲ್ಲವೂ ಲಿನಕ್ಸಿನಲ್ಲಿಯೇ ನಡೆಯುತ್ತಿವೆ. ಹೀಗೆ ಅಳತೆ ಒಂದು ದಡದಲ್ಲಿ, ಗಣನೆ ಇನ್ನೊಂದು ದಡದಲ್ಲಿ. ನಡುವೆ ಸೇತುವೆ ಬೇಕು.

ದುಭಾಷಿಯ ದಾರಿ

ಮೊದಲನೆಯ ಸೇತುವೆ ತಯಾರಕರ ಸಹಕಾರದಿಂದ ಆದದ್ದು. ಲಿಪಿಯನ್ನು ಬಹಿರಂಗಪಡಿಸಲು ಒಪ್ಪದಿದ್ದರೂ, ಅದನ್ನು ಓದಿ ಅಂಕಿಗಳನ್ನು ಹೊರಕ್ಕೆ ಕೊಡುವ ಚಿಕ್ಕ ತಂತ್ರಾಂಶವನ್ನು ಅನೇಕ ತಯಾರಕರು ಕೊಡುತ್ತಾರೆ. ಬೀಗ ಹಾಗೆಯೇ ಇದೆ. ಕೀಲಿಕೈ ಹಿಡಿದ ದ್ವಾರಪಾಲಕನನ್ನು ಮಾತ್ರ ನಮ್ಮ ಬಳಿಗೆ ಕಳುಹಿಸಿದಂತಾಯಿತು. ೨೦೦೮ರಲ್ಲಿ ಪ್ರಕಟವಾದ ‘ಪ್ರೋಟಿಯೊವಿಜರ್ಡ್’ ಎಂಬ ಮುಕ್ತ ತಂತ್ರಾಂಶ ಇಂತಹ ದ್ವಾರಪಾಲಕರನ್ನು, ತಯಾರಕರಿಂದ ಪರವಾನಗಿ ಪಡೆದು, ಒಂದೆಡೆ ಸೇರಿಸಿದೆ. ಅದರಲ್ಲಿರುವ ‘ಎಂಎಸ್‌ಕನ್ವರ್ಟ್’ ಎಂಬ ಉಪಕರಣಕ್ಕೆ ಯಾವ ತಯಾರಕನ ಫೈಲನ್ನು ಕೊಟ್ಟರೂ ಮುಕ್ತ ಲಿಪಿಯ ಫೈಲನ್ನು ಬರೆದುಕೊಡುತ್ತದೆ.

ಆದರೆ ದ್ವಾರಪಾಲಕರು ವಿಂಡೋಸಿನ ಮಾತನ್ನು ಮಾತ್ರ ಬಲ್ಲವರು. ಆದುದರಿಂದ ಲಿನಕ್ಸಿನಲ್ಲಿ ಪ್ರೋಟಿಯೊವಿಜರ್ಡನ್ನು ನೇರವಾಗಿ ನಡೆಸಿದರೆ ಮುಕ್ತ ಲಿಪಿಯ ಫೈಲುಗಳಷ್ಟೇ ಓದಲು ಸಿಕ್ಕುತ್ತವೆ. ಇಲ್ಲಿ ‘ವೈನ್’ ಎಂಬ ದುಭಾಷಿಯ ನೆರವು ಬೇಕು. ೧೯೯೩ರಲ್ಲಿ ಆರಂಭವಾದ ಈ ತಂತ್ರಾಂಶ ವಿಂಡೋಸನ್ನು ಅಣಕಿಸುವ ಕೃತಕ ಯಂತ್ರವಲ್ಲ. ಕೂಡುವ, ಗುಣಿಸುವ ಕೆಲಸಗಳಲ್ಲಿ ವಿಂಡೋಸಿನ ತಂತ್ರಾಂಶಕ್ಕೂ ಲಿನಕ್ಸಿನ ತಂತ್ರಾಂಶಕ್ಕೂ ಭೇದವಿಲ್ಲ. ಎರಡನ್ನೂ ಒಂದೇ ಜಾತಿಯ ಸಂಸ್ಕಾರಕ ನಡೆಸಬಲ್ಲುದು. ‘ಈ ಫೈಲನ್ನು ತೆರೆ’, ‘ಇಷ್ಟು ಸ್ಮೃತಿಸ್ಥಳವನ್ನು ಕೊಡು’ ಎಂದು ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುವಾಗ ಮಾತ್ರ ಭಾಷೆ ಬೇರೆಯಾಗುತ್ತದೆ. ಅಂತಹ ಕೋರಿಕೆಗಳನ್ನಷ್ಟೇ ವೈನ್ ಹಿಡಿದು, ಲಿನಕ್ಸಿನ ಮಾತಿಗೆ ತಿರುಗಿಸಿ, ಉತ್ತರವನ್ನು ಮತ್ತೆ ವಿಂಡೋಸಿನ ಮಾತಿನಲ್ಲಿ ಒಪ್ಪಿಸುತ್ತದೆ. ತಾನು ಪರದೇಶದಲ್ಲಿರುವುದು ದ್ವಾರಪಾಲಕನಿಗೆ ತಿಳಿಯುವುದೇ ಇಲ್ಲ.

ವೈನನ್ನು ಹೊಂದಿಸುವುದು ತುಸು ಕಷ್ಟದ ಕೆಲಸ. ಆದಕಾರಣ ಪ್ರೋಟಿಯೊವಿಜರ್ಡಿನವರು ವೈನ್, ದ್ವಾರಪಾಲಕರು, ಎಂಎಸ್‌ಕನ್ವರ್ಟ್ ಎಲ್ಲವನ್ನೂ ಹೊಂದಿಸಿ ಒಂದೇ ಪೆಟ್ಟಿಗೆಯಂತೆ ಕಟ್ಟಿ ಕೊಡುತ್ತಾರೆ. ೨೦೧೩ರಲ್ಲಿ ಬಂದ ‘ಡಾಕರ್’ ಎಂಬ ತಂತ್ರದಿಂದ ಇಂತಹ ಪೆಟ್ಟಿಗೆಯನ್ನು ಯಾವ ಲಿನಕ್ಸ್ ಕಂಪ್ಯೂಟರಿನಲ್ಲಿ ಬೇಕಾದರೂ ಇಳಿಸಿ ನಡೆಸಬಹುದು. ‘ತಯಾರಕರ ಪರವಾನಗಿಗಳಿಗೆ ನನ್ನ ಒಪ್ಪಿಗೆಯಿದೆ’ ಎಂಬ ಅರ್ಥದ ಮಾತು ಆ ಪೆಟ್ಟಿಗೆಯ ಹೆಸರಿನಲ್ಲಿಯೇ ಸೇರಿದೆ. ಹೆಸರನ್ನು ಬರೆಯದೆ ಪೆಟ್ಟಿಗೆ ಬರುವುದಿಲ್ಲ. ಹೆಸರನ್ನು ಬರೆದವನು ಒಪ್ಪಿಗೆಯನ್ನೂ ಬರೆದಂತಾಯಿತು!

ನೇರವಾದ ದಾರಿ

ದುಭಾಷಿಯಿಲ್ಲದ ಸೇತುವೆಯೂ ಉಂಟು. ಥರ್ಮೊ ಸಂಸ್ಥೆ ತನ್ನ ಓದುಗ ತಂತ್ರಾಂಶವನ್ನು ‘ಡಾಟ್‌ನೆಟ್’ ಎಂಬ ವೇದಿಕೆಗಾಗಿ ಮತ್ತೆ ಬರೆದು ಕೊಟ್ಟಿತು. ಈ ವೇದಿಕೆಯ ತಂತ್ರಾಂಶಗಳು ನಿರ್ದಿಷ್ಟ ಯಂತ್ರದ ಭಾಷೆಯಲ್ಲಿರದೆ ಒಂದು ನಡುವಣ ಭಾಷೆಯಲ್ಲಿರುತ್ತವೆ. ನಡೆಯುವ ಹೊತ್ತಿನಲ್ಲಿ ಆಯಾ ಯಂತ್ರದ ಭಾಷೆಗೆ ತಿರುಗುತ್ತವೆ. ಲಿನಕ್ಸಿನಲ್ಲಿ ಈ ಕೆಲಸವನ್ನು ‘ಮೋನೊ’ ಎಂಬ ಮುಕ್ತ ತಂತ್ರಾಂಶ ಮಾಡಬಲ್ಲುದಾಗಿತ್ತು. ಇದರ ಬಲದಿಂದ ೨೦೧೯ರಲ್ಲಿ ‘ಥರ್ಮೊರಾಫೈಲ್‌ಪಾರ್ಸರ್’ ಎಂಬ ಮುಕ್ತ ಪರಿವರ್ತಕ ಪ್ರಕಟವಾಯಿತು. ಒಂದು ಆಜ್ಞೆಯನ್ನು ಕೊಟ್ಟರೆ ಒಂದು ಇಡೀ ಕೋಶದ ಥರ್ಮೊ ಫೈಲುಗಳನ್ನು ಅದು ಲಿನಕ್ಸಿನಲ್ಲಿಯೇ ಪರಿವರ್ತಿಸುತ್ತದೆ. ಬ್ರೂಕರ್ ಸಂಸ್ಥೆ ತನ್ನ ‘ಟಿಮ್ಸ್‌ಟಾಫ್’ ಉಪಕರಣಗಳ ದಾಖಲೆಯಲ್ಲಿ ವಿವರಗಳ ಭಾಗವನ್ನು ‘ಎಸ್‌ಕ್ಯೂಲೈಟ್’ ಎಂಬ ಮುಕ್ತ ಪದ್ಧತಿಯಲ್ಲಿಟ್ಟು, ಉಳಿದ ಭಾಗಕ್ಕೆ ಲಿನಕ್ಸಿನ ಓದುಗ ತಂತ್ರಾಂಶವನ್ನೂ ಒದಗಿಸಿದೆ. ತಯಾರಕರ ಮನಸ್ಸು ಬದಲಾಗುತ್ತಿದೆಯೆಂಬುದಕ್ಕೆ ಇವು ಗುರುತುಗಳು.

ಲಿಪಿಶೋಧಕನ ದಾರಿ

ತಯಾರಕನೇ ಇಲ್ಲವಾಗಿದ್ದರೆ? ಸಂಸ್ಥೆ ಮುಚ್ಚಿಹೋಗಿ, ಓದುಗ ತಂತ್ರಾಂಶ ಎಲ್ಲಿಯೂ ಸಿಕ್ಕದಿದ್ದರೆ? ಆಗ ಉಳಿಯುವುದು ಶಾಸನತಜ್ಞರ ದಾರಿ.

ಅಶೋಕನ ಕಾಲದ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಶತಮಾನಗಳ ಕಾಲ ಯಾರೂ ಇರಲಿಲ್ಲ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಸ್ತೂಪದ ಕಟಕಟೆಗಳ ಮೇಲಿನ ಚಿಕ್ಕ ಬರಹಗಳನ್ನು ನೋಡುತ್ತ, ಅವುಗಳಲ್ಲಿ ಬಹುಪಾಲು ಒಂದೇ ಎರಡಕ್ಷರಗಳಿಂದ ಮುಗಿಯುವುದನ್ನು ಗಮನಿಸಿದನು. ಇವು ಭಕ್ತರು ಕೊಟ್ಟ ಕಾಣಿಕೆಗಳ ದಾಖಲೆಗಳಾದರೆ ಕೊನೆಯ ಪದ ‘ದಾನಂ’ ಎಂದಿರಬೇಕೆಂದು ಊಹಿಸಿದನು. ಆ ಊಹೆಯ ಎಳೆಯನ್ನು ಹಿಡಿದು ಲಿಪಿಯೆಲ್ಲವೂ ಬಿಚ್ಚಿಕೊಂಡಿತು. ಮುಂದೆ ೧೯೧೫ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಶಾಸನ ದೊರೆತಾಗ ‘ದೇವಾನಾಂಪ್ರಿಯ’ನೇ ಅಶೋಕನೆಂದು ಓದಿ ತಿಳಿಯಲು ಸಾಧ್ಯವಾದದ್ದು ಈ ಕೀಲಿಯಿಂದಲೇ.

ಫೈಲಿನ ಲಿಪಿಶೋಧಕನೂ ಹೀಗೆಯೇ ತಿಳಿದುದರಿಂದ ತಿಳಿಯದುದಕ್ಕೆ ಹೋಗುತ್ತಾನೆ. ತೂಕ ಖಚಿತವಾಗಿ ಗೊತ್ತಿರುವ ಪದಾರ್ಥವನ್ನು ಉಪಕರಣಕ್ಕೆ ಕೊಟ್ಟು, ಬಂದ ಫೈಲಿನಲ್ಲಿ ಆ ಸಂಖ್ಯೆ ಎಲ್ಲಿದೆಯೆಂದು ಹುಡುಕುತ್ತಾನೆ. ಒಂದೇ ಒಂದು ಅಂಶವನ್ನು ಬದಲಿಸಿ ಎರಡು ಸಲ ಅಳೆದು, ಎರಡು ಫೈಲುಗಳಲ್ಲಿ ಭೇದ ಕಂಡ ಬೈಟುಗಳನ್ನು ಗುರುತಿಸುತ್ತಾನೆ. ಎಂಟೆಂಟು ಬೈಟುಗಳನ್ನು ದಶಾಂಶ ಸಂಖ್ಯೆಗಳಾಗಿ ಓದಿದಾಗ ಅವು ಮೆಲ್ಲಮೆಲ್ಲನೆ ಏರುತ್ತ ಹೋದರೆ ತೂಕಗಳ ಪಟ್ಟಿಯಿರಬೇಕು. ಏರಿಳಿಯುತ್ತ ಕುಣಿದರೆ ಪ್ರಮಾಣಗಳ ಪಟ್ಟಿಯಿರಬೇಕು. ಇದು ತಾಳ್ಮೆಯ ಕೆಲಸ. ತಂತ್ರಾಂಶಗಳು ಒಂದರೊಡನೊಂದು ವ್ಯವಹರಿಸಲು ಅಗತ್ಯವಾದ ಮಾಹಿತಿ ಬೇರೆ ರೀತಿಯಲ್ಲಿ ಸುಲಭವಾಗಿ ದೊರೆಯದಿದ್ದಾಗ, ನ್ಯಾಯವಾಗಿ ತಂತ್ರಾಂಶವನ್ನು ಹೊಂದಿರುವವನು ಇಂತಹ ಶೋಧನೆ ಮಾಡಲು ಭಾರತದ ಕೃತಿಸ್ವಾಮ್ಯದ ಕಾಯಿದೆಯ ೫೨ನೆಯ ವಿಧಿ ಅವಕಾಶ ಕೊಡುತ್ತದೆ. ಆದರೂ ಕೊಂಡಾಗ ಸಹಿ ಮಾಡಿದ ಕರಾರನ್ನು ಓದಿಕೊಳ್ಳುವುದು ಜಾಣತನ.

ಯಾವ ಲಿಪಿಗೆ ಪರಿವರ್ತಿಸಬೇಕು?

ಒಂದು ಬೀಗದ ಮನೆಯಿಂದ ಇನ್ನೊಂದು ಬೀಗದ ಮನೆಗೆ ಸಾಮಾನು ಸಾಗಿಸಿ ಫಲವಿಲ್ಲ. ಲಿಪಿ ಎಲ್ಲರದೂ ಆಗಿರಬೇಕು.

ಈ ಪಾಠವನ್ನು ಮೊದಲೇ ಕಲಿತವರು ಖಗೋಳವಿಜ್ಞಾನಿಗಳು. ಆಕಾಶದ ಅಳತೆಗಳನ್ನು ಒಂದು ವೀಕ್ಷಣಾಲಯದಿಂದ ಇನ್ನೊಂದಕ್ಕೆ ಸಾಗಿಸಲೆಂದು ಅವರು ‘ಫಿಟ್ಸ್’ ಎಂಬ ಲಿಪಿಯನ್ನು ರೂಪಿಸಿ ೧೯೮೧ರಲ್ಲಿ ಪ್ರಕಟಿಸಿದರು. ಫೈಲಿನ ಆರಂಭದಲ್ಲಿ ೮೦ ಅಕ್ಷರಗಳ ಸಾಲುಗಳಲ್ಲಿ, ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿ, ಮುಂದೆ ಬರುವ ಅಂಕಿಗಳನ್ನು ಹೇಗೆ ಓದಬೇಕೆಂಬ ವಿವರಣೆಯಿರುತ್ತದೆ. ಪೆಟ್ಟಿಗೆಯ ಮೇಲೆಯೇ ಕೀಲಿಯನ್ನು ಕಟ್ಟಿದಂತೆ. ಹಳೆಯ ಫಿಟ್ಸ್ ಫೈಲುಗಳನ್ನು ಓದಲಾಗದಂತೆ ಮಾಡುವ ಯಾವ ಬದಲಾವಣೆಯೂ ಕೂಡದೆಂಬುದು ಅವರ ವ್ರತ. ರೋಮಿನ ವ್ಯಾಟಿಕನ್ ಗ್ರಂಥಾಲಯ ತನ್ನ ಪ್ರಾಚೀನ ಹಸ್ತಪ್ರತಿಗಳ ಚಿತ್ರಗಳನ್ನು ಕಾಪಿಡಲು ಇದೇ ಲಿಪಿಯನ್ನು ಆರಿಸಿಕೊಂಡಿತು. ೨೦೧೫ರಲ್ಲಿ ಭಾರತ ಹಾರಿಸಿದ ‘ಆಸ್ಟ್ರೊಸ್ಯಾಟ್’ ಉಪಗ್ರಹದ ಅಳತೆಗಳೂ ಬೆಂಗಳೂರಿನ ಬಳಿಯ ಬ್ಯಾಲಾಳು ಕೇಂದ್ರದ ಭಂಡಾರದಿಂದ ಫಿಟ್ಸ್ ರೂಪದಲ್ಲಿಯೇ ವಿಜ್ಞಾನಿಗಳ ಕೈಸೇರುತ್ತವೆ.

ದ್ರವ್ಯರಾಶಿ ರೋಹಿತಗಳ ಕ್ಷೇತ್ರದಲ್ಲಿ ಈ ಒಮ್ಮತ ತಡವಾಗಿ ಬಂದಿತು. ಅಮೆರಿಕದ ಸಿಯಾಟಲಿನ ಒಂದು ಸಂಸ್ಥೆಯಿಂದ ೨೦೦೪ರಲ್ಲಿ ‘ಎಂಜೆಡ್‌ಎಕ್ಸ್‌ಎಂಎಲ್’ ಎಂಬ ಮುಕ್ತ ಲಿಪಿ ಬಂದಿತು. ಅದೇ ಕಾಲದಲ್ಲಿ ಪ್ರೋಟೀನು ಸಂಶೋಧಕರ ಅಂತರರಾಷ್ಟ್ರೀಯ ಸಂಘದವರು ಇನ್ನೊಂದನ್ನು ರೂಪಿಸಿದರು. ಎರಡು ಮುಕ್ತ ಲಿಪಿಗಳು ಒಂದೇ ಕೆಲಸಕ್ಕೆ ಏಕೆಂದು ಉಭಯ ಪಕ್ಷದವರೂ ಕೂಡಿ ಯೋಚಿಸಿ, ೨೦೦೮ರಲ್ಲಿ ‘ಎಂಜೆಡ್‌ಎಂಎಲ್’ ಎಂಬ ಒಂದೇ ಲಿಪಿಯನ್ನು ಒಪ್ಪಿಕೊಂಡರು. ಇಂದು ಪರಿವರ್ತಕಗಳೆಲ್ಲ ಮುಖ್ಯವಾಗಿ ಬರೆಯುವುದು ಇದನ್ನೇ. ಇದರಲ್ಲಿ ಬಳಸುವ ಪ್ರತಿಯೊಂದು ಪಾರಿಭಾಷಿಕ ಪದಕ್ಕೂ ಒಂದು ಕ್ರಮಸಂಖ್ಯೆಯುಂಟು. ಆದಕಾರಣ ಒಬ್ಬನ ‘ತೀವ್ರತೆ’ ಇನ್ನೊಬ್ಬನಿಗೆ ಬೇರೆಯಾಗಿ ತೋರುವ ಭಯವಿಲ್ಲ.

ಪರಿವರ್ತನೆಯಲ್ಲಿ ಎಚ್ಚರ

ಅನುವಾದದಲ್ಲಿ ಅರ್ಥ ಕೆಡುವಂತೆ ಪರಿವರ್ತನೆಯಲ್ಲಿಯೂ ಅಳತೆ ಕೆಡಬಹುದು. ಮೂರು ಅಪಾಯಗಳನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು.

ಮೊದಲನೆಯದು ಸಂಖ್ಯೆಯ ಸೂಕ್ಷ್ಮತೆ. ನಾಲ್ಕು ಬೈಟುಗಳಲ್ಲಿ ಬರೆದ ದಶಾಂಶ ಸಂಖ್ಯೆಗೆ ಸುಮಾರು ಏಳು ಅಂಕಿಗಳಷ್ಟೇ ನಿಖರತೆ. ಎಂಟು ಬೈಟುಗಳಲ್ಲಿ ಹದಿನೈದು. ೧೨೩೪.೫೬೭೮೯ ಎಂಬ ತೂಕವನ್ನು ನಾಲ್ಕು ಬೈಟುಗಳಲ್ಲಿ ಬರೆದು ಮತ್ತೆ ಓದಿದರೆ ೧೨೩೪.೫೬೭೮೭ ಎಂದು ಬರುತ್ತದೆ. ಕೊನೆಯ ಅಂಕಿಯಲ್ಲಿ ಆದ ಈ ಸಣ್ಣ ನಷ್ಟವೂ ಸೂಕ್ಷ್ಮ ಕಾರ್ಯಗಳಲ್ಲಿ ಸಲ್ಲದು. ಆದುದರಿಂದ ತೂಕಗಳನ್ನು ಎಂಟು ಬೈಟುಗಳಲ್ಲಿಯೂ, ಅಷ್ಟು ನಿಖರತೆ ಬೇಕಿಲ್ಲದ ಪ್ರಮಾಣಗಳನ್ನು ನಾಲ್ಕು ಬೈಟುಗಳಲ್ಲಿಯೂ ಬರೆಯುವುದು ವಾಡಿಕೆ.

ಎರಡನೆಯದು ಶಿಖರಗಳ ಸಂಕ್ಷೇಪ. ಉಪಕರಣದಲ್ಲಿ ಪ್ರತಿಯೊಂದು ತೂಕವೂ ಚೂಪಾದ ಗೆರೆಯಾಗಿ ತೋರದೆ ಚಿಕ್ಕ ಗುಡ್ಡದಂತೆ ತೋರುತ್ತದೆ. ಗುಡ್ಡದ ಆಕಾರವನ್ನೆಲ್ಲ ಇಟ್ಟುಕೊಳ್ಳಬಹುದು. ಇಲ್ಲವೆ ಅದರ ಕೇಂದ್ರವನ್ನೂ ಎತ್ತರವನ್ನೂ ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಡಬಹುದು. ಎರಡನೆಯ ಕ್ರಮದಿಂದ ಫೈಲು ಬಹಳ ಚಿಕ್ಕದಾಗುತ್ತದೆ. ಆದರೆ ಒಂದರ ಹೆಗಲ ಮೇಲೊಂದು ಏರಿದ ಎರಡು ಗುಡ್ಡಗಳನ್ನು ಒಂದೇ ಎಂದು ಎಣಿಸಿಬಿಟ್ಟರೆ, ಆ ತಪ್ಪನ್ನು ಮುಂದೆ ಯಾರೂ ತಿದ್ದಲಾರರು.

ಮೂರನೆಯದು ವಿವರಗಳ ನಷ್ಟ. ಯಾವ ದಿನ, ಯಾವ ಉಪಕರಣ, ಯಾವ ವಿಭವ ಎಂಬ ವಿವರಗಳಿಲ್ಲದ ಅಂಕಿಗಳ ಪಟ್ಟಿ ಊರಿನ ಹೆಸರಿಲ್ಲದ ಮಳೆಯ ಲೆಕ್ಕದಂತೆ ನಿರುಪಯೋಗಿ.

ಆದಕಾರಣ ಪರಿವರ್ತಿಸಿದ ಮೇಲೆ ತಾಳೆ ನೋಡಲೇಬೇಕು. ಮೂಲದಲ್ಲಿ ಎಷ್ಟು ರೋಹಿತಗಳಿದ್ದುವೋ ಅಷ್ಟೇ ಹೊಸದರಲ್ಲಿಯೂ ಇವೆಯೆ? ಗುಡ್ಡಗಳನ್ನು ಸಂಕ್ಷೇಪಿಸದೆ ಪರಿವರ್ತಿಸಿದ್ದರೆ, ಆಯ್ದ ಕೆಲವು ರೋಹಿತಗಳ ಪ್ರಮಾಣಗಳ ಮೊತ್ತ ಎರಡರಲ್ಲಿಯೂ ಒಂದೇ ಆಗಿದೆಯೆ? ಎಂಜೆಡ್‌ಎಂಎಲ್ ಫೈಲಿನಲ್ಲಿ ಮೂಲ ಫೈಲಿನ ‘ಬೆರಳಚ್ಚು’ ಸಂಖ್ಯೆಯನ್ನು ಬರೆದಿಡಲು ಸ್ಥಳವುಂಟು. ಫೈಲಿನ ಬೈಟುಗಳೆಲ್ಲವನ್ನೂ ಒಂದು ನಿಯಮದಂತೆ ಕಲಸಿ ಪಡೆದ ಈ ಸಂಖ್ಯೆ, ಒಂದೇ ಬೈಟು ಬದಲಾದರೂ ಪೂರ್ತಿ ಬೇರೆಯಾಗಿಬಿಡುತ್ತದೆ. ಈ ಪರಿವರ್ತಿತ ಪ್ರತಿ ಯಾವ ಮೂಲದಿಂದ ಬಂದಿತೆಂಬುದನ್ನು ಅದರಿಂದ ನಿಸ್ಸಂದೇಹವಾಗಿ ತಿಳಿಯಬಹುದು. ಮೂಲ ಫೈಲನ್ನಂತೂ ಎಂದಿಗೂ ಅಳಿಸಬಾರದು. ಇಂದಿನ ಪರಿವರ್ತಕ ಬಿಟ್ಟ ವಿವರವನ್ನು ನಾಳಿನ ಪರಿವರ್ತಕ ಹೊರತೆಗೆಯಬಹುದು.

ಓದಿದುದರಿಂದ ಏನಾಯಿತು? ಓದದಿದ್ದುದರಿಂದ ಏನಾಯಿತು?

೨೦೧೪ರ ಮೇ ತಿಂಗಳಿನಲ್ಲಿ ಮಾನವಶರೀರದ ಪ್ರೋಟೀನುಗಳ ಎರಡು ಕರಡು ನಕ್ಷೆಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದುವು. ಒಂದು ಜರ್ಮನಿಯ ಮ್ಯೂನಿಕ್ ನಗರದ ತಂಡದ್ದು. ಇನ್ನೊಂದರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದೊಡನೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ವಿಜ್ಞಾನಿಗಳು ದೊಡ್ಡ ಪಾಲನ್ನು ವಹಿಸಿದ್ದರು. ಮೂವತ್ತು ವಿಧದ ಅಂಗಾಂಶಗಳನ್ನೂ ಜೀವಕೋಶಗಳನ್ನೂ ಪರೀಕ್ಷಿಸಿ, ೧೭,೨೯೪ ಜೀನುಗಳಿಗೆ ಸಂಬಂಧಿಸಿದ ಪ್ರೋಟೀನುಗಳನ್ನು ಗುರುತಿಸಿರುವುದಾಗಿ ಅವರು ವರದಿ ಮಾಡಿದರು. ಅಷ್ಟೇ ಅಲ್ಲ, ಉಪಕರಣದ ಮೂಲ ಫೈಲುಗಳನ್ನೂ ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಿದರು.

ಅದೇ ವರ್ಷ ಸ್ಪೇನಿನ ಸಂಶೋಧಕರು ಎರಡು ನಕ್ಷೆಗಳ ಫಲಿತಾಂಶಗಳನ್ನೂ ಪರಿಶೀಲಿಸಿದರು. ಎರಡರಲ್ಲಿಯೂ ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ಅನೇಕ ಪತ್ತೆಯಾಗಿದ್ದುವು. ಆದರೆ ಎರಡು ತಂಡದವರೂ ಮೂಗಿನ ಅಂಗಾಂಶವನ್ನು ಪರೀಕ್ಷಿಸಿಯೇ ಇರಲಿಲ್ಲ! ಆ ಗುರುತುಗಳಿಗೆ ಆಧಾರವಾದ ರೋಹಿತಗಳನ್ನು ನೋಡಿದಾಗ ಅವುಗಳಲ್ಲಿ ಬಹಳಷ್ಟು ದುರ್ಬಲವಾಗಿದ್ದುವು. ಇಂತಹ ದೊಡ್ಡ ಕಾರ್ಯಗಳಲ್ಲಿ ತಪ್ಪು ಗುರುತುಗಳನ್ನು ತಡೆಯಲು ಇನ್ನೂ ಕಠಿಣವಾದ ಒರೆಗಲ್ಲು ಬೇಕೆಂದು ಅವರು ವಾದಿಸಿದರು. ಇದು ಮೊದಲಿನವರಿಗೆ ಅಪಮಾನವಲ್ಲ. ತಮ್ಮ ಅಳತೆಗಳನ್ನು ತೆರೆದಿಟ್ಟವರ ಕೆಲಸವನ್ನು ಮಾತ್ರ ಹೀಗೆ ತಿದ್ದಲು ಸಾಧ್ಯ. ಬೀಗ ಹಾಕಿದ ಅಳತೆಯನ್ನು ಒಪ್ಪಲೂಬಹುದು, ಬಿಡಲೂಬಹುದು, ಪರೀಕ್ಷಿಸಲು ಮಾತ್ರ ಆಗದು.

ಇದಕ್ಕೆ ವಿರುದ್ಧವಾದ ನಿದರ್ಶನವೊಂದು ಮಂಗಳಗ್ರಹದಿಂದ ಬಂದಿದೆ. ೧೯೭೬ರಲ್ಲಿ ವೈಕಿಂಗ್ ನೌಕೆಗಳು ಅಲ್ಲಿನ ಮಣ್ಣಿನಲ್ಲಿ ಜೀವಾಣುಗಳಿವೆಯೇ ಎಂದು ಪರೀಕ್ಷಿಸಿದುವು. ಸುಮಾರು ಕಾಲು ಶತಮಾನ ಕಳೆದ ಮೇಲೆ ಅಮೆರಿಕದ ಒಬ್ಬ ಜೀವವಿಜ್ಞಾನಿ ಆ ಅಂಕಿಗಳನ್ನು ಹೊಸ ದೃಷ್ಟಿಯಿಂದ ನೋಡಲು ಬಯಸಿದಾಗ, ಕಾಂತಪಟ್ಟಿಗಳು ಇದ್ದುವು. ಅವುಗಳ ಲಿಪಿಯನ್ನು ಬಲ್ಲವರು ಇರಲಿಲ್ಲ. ಹಿಂದೆ ಕಾಗದದ ಮೇಲೆ ಮುದ್ರಿಸಿಟ್ಟ ಪ್ರತಿಗಳನ್ನು ಹುಡುಕಿ, ಅವುಗಳಿಂದ ಅಂಕಿಗಳನ್ನು ಮತ್ತೆ ಪಡೆಯಬೇಕಾಯಿತು. ಕೋಟ್ಯಂತರ ಮೈಲಿ ದಾಟಿ ಬಂದ ಅಳತೆ ಭೂಮಿಯ ಮೇಲಿನ ಕಪಾಟಿನಲ್ಲಿ ಮೂಕವಾಗಿ ಕುಳಿತಿತ್ತು!

ವಿದ್ಯಾರ್ಥಿಗಳು ಏನು ಮಾಡಬಹುದು?

ಈ ವಿದ್ಯೆಯನ್ನು ಕಲಿಯಲು ಕೋಟಿ ರೂಪಾಯಿಯ ಉಪಕರಣ ಬೇಕಿಲ್ಲ. ಇಂಗ್ಲೆಂಡಿನ ಹಿಂಕ್ಸ್‌ಟನ್ನಿನಲ್ಲಿರುವ ಯೂರೋಪಿನ ಜೈವಿಕ ಮಾಹಿತಿ ಸಂಸ್ಥೆ ‘ಪ್ರೈಡ್’ ಎಂಬ ಭಂಡಾರವನ್ನು ೨೦೦೪ರಿಂದ ನಡೆಸುತ್ತಿದೆ. ಅನೇಕ ದೇಶಗಳ ಪ್ರಯೋಗಶಾಲೆಗಳ ಮೂಲ ಫೈಲುಗಳು ಅಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಲಿನಕ್ಸುಳ್ಳ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಫೈಲನ್ನು ಇಳಿಸಿಕೊಂಡು, ಎಂಜೆಡ್‌ಎಂಎಲ್ ಲಿಪಿಗೆ ಪರಿವರ್ತಿಸಿ, ಒಂದು ರೋಹಿತವನ್ನು ಗ್ರಾಫಿನ ಮೇಲೆ ಬಿಡಿಸಿ ನೋಡಿರಿ. ಒಂದೇ ಅಣುವಿಗೆ ಸೇರಿದ ಗೆರೆಗಳು ಒತ್ತಾಗಿ, ಸಮಾನ ಅಂತರದಲ್ಲಿ ನಿಂತಿರುವುದು ಕಾಣುತ್ತದೆ. ಹಗುರವಾದ ಇಂಗಾಲದ ಬದಲು ಭಾರವಾದ ಇಂಗಾಲದ ಪರಮಾಣು ಒಂದೊಂದಾಗಿ ಸೇರಿದುದರ ಗುರುತು ಅದು. ಆಸ್ಟನ್ ಗಾಜಿನ ಫಲಕದ ಮೇಲೆ ಕಂಡ ಸತ್ಯವನ್ನೇ ಆಗ ನೀವೂ ಕಾಣುತ್ತೀರಿ.

ನಾಳೆ ನಿಮ್ಮ ಕೈಗೂ ಒಂದು ಉಪಕರಣ ಬಂದೀತು. ಕಾಲೇಜಿನ ವರ್ಣಮಾಪಕವಾಗಲಿ, ಹೊಲದ ಮಳೆಮಾಪಕವಾಗಲಿ. ಅಳೆದ ದಿನವೇ ಮೂಲ ಫೈಲನ್ನೂ, ಮುಕ್ತ ಲಿಪಿಯ ಒಂದು ಪ್ರತಿಯನ್ನೂ, ಹೇಗೆ ಅಳೆದಿರೆಂಬ ಒಂದು ಪುಟದ ಟಿಪ್ಪಣಿಯನ್ನೂ ಒಟ್ಟಿಗೆ ಇಡುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಅಳೆಯುವವನ ಹೊಣೆ ಅಳತೆಯೊಡನೆ ಮುಗಿಯುವುದಿಲ್ಲ. ಅದನ್ನು ತಾನು ಎಂದೂ ಕಾಣದ ಇನ್ನೊಬ್ಬನು ಓದುವಂತಾದಾಗಲೇ ಅದು ಮುಗಿಯುತ್ತದೆ.